ಡಿ ಆಂಜಾದಿಂದ ಡೇವಿಸ್‌ಗೆ: ಟ್ರಾನ್ಸ್‌ಫರ್ ವಿದ್ಯಾರ್ಥಿಯ ಕೋರ್ಸು, ಶುಲ್ಕ, ಬಾಡಿಗೆಯ ಲೆಕ್ಕ

ಕುಪರ್ಟಿನೊದ ಡಿ ಆಂಜಾ ಎಂಬ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಲಿಫೋರ್ನಿಯಾದ ನಿವಾಸಿ ಎನಿಸಿಕೊಂಡ ವಿದ್ಯಾರ್ಥಿ ಒಂದು ಯೂನಿಟ್ ಪಾಠಕ್ಕೆ ಕಟ್ಟುವ ಶುಲ್ಕ 31 ಡಾಲರ್. ಸಣ್ಣಪುಟ್ಟ ಬಾಬತ್ತುಗಳನ್ನು ಬಿಟ್ಟರೆ ಎರಡು ವರ್ಷದ 90 ಯೂನಿಟ್‌ಗೆ 2,790 ಡಾಲರ್ ಆಯಿತು. ಅಲ್ಲಿಂದ ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಅಂದರೆ ಯೂಸಿಗೆ ಹೋದರೆ, 2025–26ರಲ್ಲಿ ಹೊಸದಾಗಿ ಸೇರಿದವರಿಗೆ ವರ್ಷಕ್ಕೆ 14,934 ಡಾಲರ್, ಅದರ ಮೇಲೆ ಆಯಾ ಕ್ಯಾಂಪಸ್ಸಿನ ಶುಲ್ಕ. ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳು ಹನ್ನೆರಡನೇ ತರಗತಿಗೆ ಬರುತ್ತಿದ್ದಂತೆ ಈ ದಾರಿಯ ಮಾತು ಏಳುವುದು ಇದಕ್ಕೇ: ಎರಡು ವರ್ಷ ಮನೆಯಲ್ಲೇ ಇದ್ದು ಓದಲಿ, ಆಮೇಲೆ ಯೂಸಿಗೆ ಹೋಗಲಿ, ಕೊನೆಗೆ ಕೈಗೆ ಸಿಗುವ ಡಿಗ್ರಿ ಅದೇ. ದಾರಿ ಒಳ್ಳೆಯದೇ. ಯೂಸಿಗೆ ಟ್ರಾನ್ಸ್‌ಫರ್ ಆಗಿ ಬರುವವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳವರೇ. ವಿಶ್ವವಿದ್ಯಾಲಯವೂ ಅವರಿಗೆ ಆದ್ಯತೆ ಕೊಡುತ್ತದೆ.

ಮೊದಲೆರಡು ವರ್ಷದಲ್ಲಿ ಉಳಿಸಿದ್ದು ಸೋರಿಹೋಗುವುದು ಆಮೇಲಿನ ಎರಡು ವರ್ಷದಲ್ಲಿ. ಕಮ್ಯುನಿಟಿ ಕಾಲೇಜು ಯೂನಿಟ್ ಎಣಿಸಿ ಶುಲ್ಕ ತೆಗೆದುಕೊಳ್ಳುತ್ತದೆ; ಯೂಸಿ ಅವಧಿ ಎಣಿಸಿ ತೆಗೆದುಕೊಳ್ಳುತ್ತದೆ. ಬರ್ಕ್ಲಿ ಮತ್ತು ಮರ್ಸೆಡ್‌ನಲ್ಲಿ ಸೆಮಿಸ್ಟರ್, ಪದವಿ ಓದುವ ಉಳಿದ ಏಳು ಕ್ಯಾಂಪಸ್ಸುಗಳಲ್ಲಿ ಕ್ವಾರ್ಟರ್, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಮೂರು ಅವಧಿ. ಒಂದು ಕ್ವಾರ್ಟರಿಗೆ 12 ಯೂನಿಟ್ ಹಿಡಿದರೂ 18 ಹಿಡಿದರೂ ಬಿಲ್ಲು ಒಂದೇ. ಹಾಗಾಗಿ ಡಿಗ್ರಿ ಮುಗಿಯುವುದು ಒಂದೇ ಒಂದು ಕ್ವಾರ್ಟರ್ ಮುಂದಕ್ಕೆ ಹೋದರೆ ನಿವಾಸಿ ವಿದ್ಯಾರ್ಥಿಗೆ 4,978 ಡಾಲರ್, ಜೊತೆಗೆ ಮೂರು ತಿಂಗಳ ಬಾಡಿಗೆ ಮತ್ತು ಊಟ. ಅಂದರೆ ಡಿ ಆಂಜಾದಲ್ಲಿ ಎರಡು ವರ್ಷಕ್ಕೆ ಕಟ್ಟಿದ್ದಕ್ಕಿಂತ ಹೆಚ್ಚು. ಆ ಹೆಚ್ಚುವರಿ ಕ್ವಾರ್ಟರ್ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದರೆ ಬಹಳಷ್ಟು ಸಲ ಯೂನಿಟ್ ಕಮ್ಮಿಯಾಗಿರುವುದಿಲ್ಲ. ಯಾವುದೋ ಒಂದು ಕೋರ್ಸನ್ನು ಸರಿಯಾದ ಹೊತ್ತಿಗೆ ಮುಗಿಸಿರುವುದಿಲ್ಲ, ಅದನ್ನು ಮುಗಿಸದೆ ಅದರ ಮುಂದಿನ ಕೋರ್ಸುಗಳ ಬಾಗಿಲು ತೆರೆದಿರುವುದಿಲ್ಲ. ಟ್ರಾನ್ಸ್‌ಫರ್ ವಿದ್ಯಾರ್ಥಿಯ ಶುಲ್ಕ, ವಸತಿ, ಎಷ್ಟೋ ಸಲ ವೀಸಾ ಕೂಡ, ಈ ಕೋರ್ಸುಗಳ ಸರಪಳಿಗೆ ಗಂಟು ಬಿದ್ದಿವೆ.

ಒಂದು ಕೋರ್ಸು, 155 ಡಾಲರ್

ಕಂಪ್ಯೂಟರ್ ಸೈನ್ಸ್ ಓದಲು ಡಿ ಆಂಜಾದಿಂದ ಯೂಸಿ ಡೇವಿಸ್‌ಗೆ ಹೋಗುವ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳೋಣ. ಡೇವಿಸ್‌ನಲ್ಲಿ ಇಸಿಎಸ್ 20 ಎಂಬ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಕೋರ್ಸು ಇದೆ. ಮೊದಲೆರಡು ವರ್ಷದವರ ಮಟ್ಟದ್ದು. ಅದು ಆಗದೆ ಅಲ್ಗಾರಿದಮ್ ಕೋರ್ಸಾದ ಇಸಿಎಸ್ 122ಎ ತೆಗೆದುಕೊಳ್ಳುವ ಹಾಗಿಲ್ಲ. ಡಿ ಆಂಜಾದಲ್ಲಿ ಅದೇ ವಿಷಯ ಕಲಿಸುವ ಕೋರ್ಸು ಮ್ಯಾತ್ 22, 5 ಯೂನಿಟ್. ಐದು ಮೂವತ್ತೊಂದಲೆ 155 ಡಾಲರ್. ಕೆಲವರು "ಕ್ಯಾಲ್ಕ್ಯುಲಸ್ ಮುಗಿದಿದೆ, ಯೂನಿಟ್ 90 ದಾಟಿದೆ, ಇದೊಂದು ಅಲ್ಲಿಗೆ ಹೋಗಿ ಮಾಡಿದರಾಯಿತು" ಎಂದು ಬಿಟ್ಟುಬಿಡುತ್ತಾರೆ. ಡೇವಿಸ್‌ಗೆ ಹೋದ ಮೇಲೆ ಮೊದಲ ಕ್ವಾರ್ಟರಿನಲ್ಲಿ ಎರಡನೇ ವರ್ಷದವರ ಜೊತೆ ಕೂತು ಇಸಿಎಸ್ 20 ಮಾಡಬೇಕು. ಚಳಿಗಾಲದ ಕ್ವಾರ್ಟರಿಗಿಂತ ಮೊದಲು ಅಲ್ಗಾರಿದಮ್ ಸಿಗುವುದಿಲ್ಲ. ಸೀಟು ತುಂಬಿದ್ದರೆ ಅದೂ ವಸಂತಕ್ಕೆ ಹೋಗುತ್ತದೆ. ಅಲ್ಗಾರಿದಮ್ ಬೇಕೆನ್ನುವ ಮೇಲಿನ ಕೋರ್ಸುಗಳು ಕೊನೆಯ ವರ್ಷಕ್ಕೆ ರಾಶಿ ಬೀಳುತ್ತವೆ. ಇರುವುದೇ ಆರು ಕ್ವಾರ್ಟರ್. ಅದರಲ್ಲಿ ಒಂದೆರಡು ಹೀಗೆ ಕಾಯುವುದರಲ್ಲೇ ಕಳೆದರೆ ಏಳನೆಯದು ಬೇಕಾಗುತ್ತದೆ.

ಸರಪಳಿಯ ಉದ್ದ ಮೊದಲ ದಿನವೇ ಅಳೆಯಬೇಕಾದ್ದು ಇದಕ್ಕೇ. ಡಿ ಆಂಜಾ ಕ್ವಾರ್ಟರ್ ಪದ್ಧತಿಯ ಕಾಲೇಜು. ಕ್ಯಾಲ್ಕ್ಯುಲಸ್ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ತುಂಡು, ಆಮೇಲೆ 2ಎ ಡಿಫರೆನ್ಷಿಯಲ್ ಈಕ್ವೇಷನ್ಸ್, 2ಬಿ ಲೀನಿಯರ್ ಆಲ್ಜೀಬ್ರಾ. ಒಂದಾದ ಮೇಲೊಂದು ಹಿಡಿದರೆ ಆರು ಕ್ವಾರ್ಟರ್, ಅಂದರೆ ಬೇಸಿಗೆ ಬಿಟ್ಟು ಪೂರಾ ಎರಡು ವರ್ಷ. ಎಂಜಿನಿಯರಿಂಗ್‌ಗೆ ಹೋಗುವವರಿಗೆ ಇದರ ಪಕ್ಕದಲ್ಲೇ ಫಿಸಿಕ್ಸ್ 4ಎಯಿಂದ 4ಡಿವರೆಗೆ ಇನ್ನೊಂದು ನಾಲ್ಕು ಕೊಂಡಿಯ ಸರಪಳಿ, ಅದು ಕ್ಯಾಲ್ಕ್ಯುಲಸ್ 1ಎ ಆದಮೇಲಷ್ಟೇ ಹೊರಡುತ್ತದೆ. ಮೊದಲ ಕ್ವಾರ್ಟರಿನಲ್ಲಿ ಗಣಿತ ಬಿಟ್ಟು ಇತಿಹಾಸ, ಸೈಕಾಲಜಿ ಹಿಡಿದು "ಹಗುರಾಗಿ ಶುರು ಮಾಡೋಣ" ಎಂದವರು ಅಲ್ಲೇ ಒಂದು ಕ್ವಾರ್ಟರ್ ಕಳೆದುಕೊಂಡಿರುತ್ತಾರೆ. ಇತಿಹಾಸವನ್ನು ಯಾವಾಗ ಬೇಕಾದರೂ ಮಾಡಬಹುದು, ಯೂಸಿಗೆ ಹೋದ ಮೇಲೂ ಮಾಡಬಹುದು. 1ಎಯನ್ನು ಮುಂದೂಡಿದರೆ ಉಳಿದ ಐದೂ ಮುಂದೂಡಿದ ಹಾಗೆ.

ಯಾವ ಕಾಲೇಜಿನ ಯಾವ ಕೋರ್ಸು ಯಾವ ಕ್ಯಾಂಪಸ್ಸಿನ ಯಾವ ಕೋರ್ಸಿಗೆ ಸಮ ಎಂಬುದಕ್ಕೆ ಅಸಿಸ್ಟ್ ಎಂಬ ಅಧಿಕೃತ ಜಾಲತಾಣವಿದೆ. ಬಳಸಲು ಹಣ ಬೇಡ, ಲಾಗಿನ್ ಬೇಡ. ಕಾಲೇಜು, ವಿಶ್ವವಿದ್ಯಾಲಯ, ವರ್ಷ, ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಆರಿಸಿದರೆ ಎಡಕ್ಕೆ ವಿಶ್ವವಿದ್ಯಾಲಯದ ಕೋರ್ಸು, ಬಲಕ್ಕೆ ಕಾಲೇಜಿನದು ಬರುತ್ತದೆ. ಓದುವಾಗ ಮೂರು ಕಡೆ ಕಣ್ಣಿಡಬೇಕು. ಬಲಗಡೆ "ಸಮಾನ ಕೋರ್ಸಿಲ್ಲ" ಎಂದು ಬಂದರೆ ನಿಮ್ಮ ಕಾಲೇಜಿನಲ್ಲಿ ಅದನ್ನು ಮಾಡುವುದು ಸಾಧ್ಯವಿಲ್ಲ ಎಂದರ್ಥ; ಪಕ್ಕದ ಕಾಲೇಜಿನಲ್ಲಿ, ಉದಾಹರಣೆಗೆ ಫುಟ್‌ಹಿಲ್‌ನಲ್ಲೋ ಓಲೋನಿಯಲ್ಲೋ ಇದೆಯೇ ಎಂದು ಅದೇ ತಾಣದಲ್ಲಿ ನೋಡಬೇಕು. ಎರಡು ಮೂರು ಕೋರ್ಸುಗಳ ನಡುವೆ "ಮತ್ತು" ಎಂದಿದ್ದರೆ ಅಷ್ಟೂ ಆದರೇ ಎಡಗಡೆಯದಕ್ಕೆ ಸಮ. ಮೂರರಲ್ಲಿ ಎರಡು ಮಾಡಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಮೂರನೆಯದು ಸಣ್ಣ ಅಕ್ಷರದ ಟಿಪ್ಪಣಿ: ಸರಣಿಯನ್ನು ಒಂದೇ ಕಾಲೇಜಿನಲ್ಲಿ ಮುಗಿಸಬೇಕು ಎನ್ನುವುದು. ಕ್ವಾರ್ಟರ್ ಪದ್ಧತಿಯ ಡಿ ಆಂಜಾದಲ್ಲಿ ಕ್ಯಾಲ್ಕ್ಯುಲಸ್ ನಾಲ್ಕು ತುಂಡು, ಸೆಮಿಸ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಮೂರು. ಅಲ್ಲಿ ಒಂದು ಇಲ್ಲಿ ಎರಡು ಎಂದು ಬೆರೆಸಿದರೆ ನಡುವಿನ ಅಧ್ಯಾಯಗಳು ಯಾವ ಕಡೆಗೂ ಸೇರದೆ ಉಳಿಯುತ್ತವೆ. ಬೇಸಿಗೆಯಲ್ಲಿ ಸೀಟು ಸಿಗಲಿಲ್ಲವೆಂದು ಸರಣಿಯ ನಡುವಿನ ಕೋರ್ಸನ್ನು ಬೇರೆಡೆ ಮಾಡಿಕೊಂಡು ಬರುವುದು ಈ ದಾರಿಯಲ್ಲಿ ಪದೇಪದೇ ನಡೆಯುವ ತಪ್ಪು.

ಸಾಮಾನ್ಯ ಶಿಕ್ಷಣದ ಕೋರ್ಸುಗಳಿಗೆ 2025ರ ಶರತ್ಕಾಲದಿಂದ ಕ್ಯಾಲ್-ಗೆಟ್ಸಿ ಎಂಬ ಹೊಸ ಪಟ್ಟಿ ಬಂದಿದೆ. ಹಳೆಯ ಐಗೆಟ್ಸಿಯ ಜಾಗದಲ್ಲಿ, ಯೂಸಿಗೂ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೂ, ಅಂದರೆ ಸಿಎಸ್‌ಯುಗೂ, ಒಂದೇ. ಅರ್ಥಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯಗಳವರು ಅದನ್ನು ಪೂರ್ತಿ ಮುಗಿಸಿಕೊಂಡು ಹೋಗುವುದು ಲೇಸು. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ನವರು ಮೇಜರಿನ ಕೋರ್ಸುಗಳಿಗೆ ಮೊದಲ ಜಾಗ ಕೊಡಬೇಕು. ಅವರಿಗೆ ಎರಡನ್ನೂ ಎರಡು ವರ್ಷದಲ್ಲಿ ಮುಗಿಸುವುದು ಕಷ್ಟ. ಹಗುರಾದ ಒಂದೆರಡು ಸಾಮಾನ್ಯ ಕೋರ್ಸು ಉಳಿಸಿಕೊಂಡರೆ ಯೂಸಿಯಲ್ಲಿ ಭಾರದ ಕೋರ್ಸುಗಳ ಪಕ್ಕದಲ್ಲಿ ಇಟ್ಟುಕೊಳ್ಳಲು ಅನುಕೂಲವೂ ಹೌದು.

ಇಲ್ಲೊಂದು ಮಾತು ನಮ್ಮವರಿಗಾಗಿ. ಯೂಸಿಯ ಕೆಲವು ಕಾಲೇಜುಗಳು ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಬಂದಿರಬೇಕೆಂದು ಕೇಳುತ್ತವೆ. ಆರನೇ ತರಗತಿ ಅಥವಾ ಅದರ ಮೇಲೆ ಎರಡು ವರ್ಷ ಇಂಗ್ಲಿಷೇತರ ಮಾಧ್ಯಮದಲ್ಲಿ ಓದಿದ್ದರೆ ಅದೇ ಸಾಕು. ಧಾರವಾಡದಲ್ಲೋ ತುಮಕೂರಿನಲ್ಲೋ ಕನ್ನಡ ಮಾಧ್ಯಮದಲ್ಲಿ ಏಳು, ಎಂಟು ಓದಿ ಬಂದವರು ಆ ಶಾಲೆಯ ಅಂಕಪಟ್ಟಿ, ಮಾಧ್ಯಮವನ್ನು ನಮೂದಿಸಿದ ಪತ್ರ ತರಿಸಿ ಕೌನ್ಸೆಲರ್‌ಗೆ ಕೊಟ್ಟರೆ ಸ್ಪ್ಯಾನಿಷ್‌ಗೆ ಕಳೆಯಬೇಕಿದ್ದ ಕ್ವಾರ್ಟರುಗಳು ಉಳಿಯುತ್ತವೆ. ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಓದಿದವರದು ಬೇರೆ ನಿಯಮ. ಅದನ್ನು ಕೇಳಿಯೇ ತಿಳಿಯಬೇಕು.

15 ಯೂನಿಟ್ ಎಂದರೆ 45 ಗಂಟೆ

ಯೂಸಿಯ ನಿಯಮದ ಪ್ರಕಾರ ಒಂದು ಕ್ವಾರ್ಟರ್ ಯೂನಿಟ್ ಎಂದರೆ ವಾರಕ್ಕೆ ಮೂರು ಗಂಟೆಯ ಕೆಲಸ: ಪಾಠ, ಓದು, ಮನೆಗೆಲಸ, ಲ್ಯಾಬ್ ಎಲ್ಲ ಸೇರಿ. 15 ಯೂನಿಟ್ ಅಂದರೆ ವಾರಕ್ಕೆ 45 ಗಂಟೆ. ಡಿ ಆಂಜಾದಲ್ಲಿ 5 ಯೂನಿಟ್ಟಿನ ಕ್ಯಾಲ್ಕ್ಯುಲಸ್, 6 ಯೂನಿಟ್ಟಿನ ಫಿಸಿಕ್ಸ್, 4.5 ಯೂನಿಟ್ಟಿನ ಪ್ರೋಗ್ರಾಮಿಂಗ್ ಹಿಡಿದರೆ ಮೂರೇ ಕೋರ್ಸಿಗೆ 15.5 ಯೂನಿಟ್ ಆಗುತ್ತದೆ. ಕಾಗದದ ಮೇಲೆ ಸಾಮಾನ್ಯ ಹೊರೆ. ಆದರೆ ಮೂರರಲ್ಲೂ ಸಮಸ್ಯೆ ಬಿಡಿಸುವ ಕೆಲಸವೇ, ಮೂರರ ಪರೀಕ್ಷೆಯೂ ಒಂದೇ ವಾರ. ಯೂನಿಟ್ ಎಣಿಸುವುದರ ಜೊತೆಗೆ ಭಾರದ ಕೋರ್ಸು ಎಷ್ಟು ಎಂದೂ ಎಣಿಸಬೇಕು. ಎರಡು ಭಾರ, ಒಂದು ಹಗುರ ಎಂಬುದು ಹೆಚ್ಚಿನವರು ತಡೆಯಬಲ್ಲ ಅಳತೆ. ಪಕ್ಕದಲ್ಲಿ ವಾರಕ್ಕೆ 20 ಗಂಟೆ ಕೆಲಸವಿದ್ದರೆ ಅದನ್ನೂ ಒಂದು ಭಾರದ ಕೋರ್ಸು ಎಂದೇ ಲೆಕ್ಕ ಹಾಕಬೇಕು.

ಬೇಸಿಗೆಯ ಅವಧಿಯನ್ನು ಜನ ಸಲೀಸೆಂದು ತಿಳಿಯುತ್ತಾರೆ. ಆರು ವಾರದ ಬೇಸಿಗೆ ತರಗತಿಯಲ್ಲಿ ಹನ್ನೆರಡು ವಾರದ್ದನ್ನು ಕಲಿಸುತ್ತಾರೆ. 5 ಯೂನಿಟ್ಟಿನ ಗಣಿತ ಆಗ ವಾರಕ್ಕೆ 30 ಗಂಟೆ ಕೇಳುತ್ತದೆ. ಅದೊಂದನ್ನೇ ಹಿಡಿದು, ಮತ್ತೇನೂ ಇಲ್ಲದಿದ್ದರೆ ಸರಪಳಿಯಲ್ಲಿ ಒಂದು ಕೊಂಡಿ ಮುಂದೆ ಹೋಗಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಊರಿಗೆ ಹೋಗುವ ಟಿಕೆಟ್ ತೆಗೆದಿದ್ದರೆ ಹಿಡಿಯಲೇಬಾರದು. ಕೋರ್ಸು ಕೈಮೀರುತ್ತಿದೆ ಎನಿಸಿದಾಗ ಪೂರ್ಣ ಅವಧಿಯ ಕ್ವಾರ್ಟರಿನಲ್ಲಿ ಮೊದಲ ಎರಡು ವಾರದೊಳಗೆ ಬಿಟ್ಟರೆ ದಾಖಲೆಯಲ್ಲಿ ಗುರುತೂ ಇಲ್ಲ, ಶುಲ್ಕವೂ ವಾಪಸು. ಆಮೇಲೆ ಬಿಟ್ಟರೆ "ಡಬ್ಲ್ಯು" ಬೀಳುತ್ತದೆ. ಅದು ಸರಾಸರಿ ಗ್ರೇಡನ್ನು ಇಳಿಸುವುದಿಲ್ಲ ನಿಜ, ಆದರೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಕೋರ್ಸಿಗೆ ಸಾಮಾನ್ಯವಾಗಿ ಸಿಗುವ ಮೂರು ಅವಕಾಶಗಳಲ್ಲಿ ಒಂದನ್ನು ತಿಂದುಹಾಕುತ್ತದೆ.

ಯೂಸಿಗೆ ಸೇರಿದ ಮೊದಲ ಕ್ವಾರ್ಟರ್ ಇನ್ನೂ ನಾಜೂಕು. ವರ್ಗವಾಗಿ ಬಂದವರ ಗ್ರೇಡು ಮೊದಲ ಅವಧಿಯಲ್ಲಿ ಜಾರುವುದನ್ನು ಜಾನ್ ಹಿಲ್ಸ್ ಎಂಬ ಸಂಶೋಧಕ 1965ರಲ್ಲೇ "ಟ್ರಾನ್ಸ್‌ಫರ್ ಶಾಕ್" ಎಂದು ಕರೆದರು; ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಕಾರಣ ದಡ್ಡತನವಲ್ಲ. ಪಾಠ ಹತ್ತೇ ವಾರ, ಮೊದಲ ಮಿಡ್‌ಟರ್ಮ್ ಮೂರನೇ ನಾಲ್ಕನೇ ವಾರಕ್ಕೇ ಬಂದುಬಿಡುತ್ತದೆ. ಮೂವತ್ತು ನಲವತ್ತು ಜನರ ತರಗತಿಯಿಂದ ಬಂದವರು ಮುನ್ನೂರು ಜನರ ಸಭಾಂಗಣದಲ್ಲಿ ಕೂರುತ್ತಾರೆ. ಇದರ ಮೇಲೆ ಕಮ್ಯುನಿಟಿ ಕಾಲೇಜಿನ ಗ್ರೇಡು ಯೂಸಿಯ ಸರಾಸರಿಗೆ ಸೇರುವುದೇ ಇಲ್ಲ. ಅಲ್ಲಿ 4ಕ್ಕೆ 3.9 ಸರಾಸರಿ ಇದ್ದವರೂ ಇಲ್ಲಿ ಸೊನ್ನೆಯಿಂದ ಶುರು. ಮೊದಲ ಕ್ವಾರ್ಟರಿನಲ್ಲಿ ಒಂದು ಸಿ ಬಂದರೆ ಅದನ್ನು ತಡೆಯಲು ಹಿಂದೆ ಏನೂ ಇರುವುದಿಲ್ಲ.

ಡಿಗ್ರಿಗೆ 180 ಕ್ವಾರ್ಟರ್ ಯೂನಿಟ್. 90 ತಂದವರಿಗೆ ಉಳಿದದ್ದು 90, ಇರುವುದು ಆರು ಕ್ವಾರ್ಟರ್. ಪೂರ್ಣಾವಧಿ ಎನಿಸಿಕೊಳ್ಳಲು 12 ಸಾಕೆಂದು ಪ್ರತಿ ಸಲ 12 ಹಿಡಿದರೆ 72ಕ್ಕೆ ನಿಲ್ಲುತ್ತದೆ. 18 ಯೂನಿಟ್ ಬಾಕಿ. ಇದನ್ನು ತಪ್ಪಿಸಲು 13, 16, 16, 16, 15, 14 ಎಂದು ಹಂಚಿಕೊಳ್ಳುವುದು ಜಾಣತನ. ಮೊದಲ ಕ್ವಾರ್ಟರಿನ 13ರಲ್ಲಿ ಮುಂದಿನ ಬಾಗಿಲು ತೆರೆಯುವ ಒಂದು ಭಾರದ ಕೋರ್ಸು ಇರಲೇಬೇಕು, ಅದರ ಜೊತೆ ಒಂದು ಮಧ್ಯಮ, ಒಂದು ಹಗುರ. ಕೊನೆಯದಕ್ಕೆ 14 ಇಟ್ಟಿರುವುದು ಕೆಲಸ ಹುಡುಕುವ ಓಡಾಟಕ್ಕೆ.

ಬಾಕಿಯನ್ನು ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಬೆಲೆಗೆ ತುಂಬಿಕೊಳ್ಳೋಣ ಎಂಬ ಯೋಚನೆಗೂ ಒಂದು ಮಿತಿ ಇದೆ. ಅಲ್ಲಿಂದ ಯೂಸಿ ಒಪ್ಪುವುದು ಹೆಚ್ಚೆಂದರೆ 105 ಕ್ವಾರ್ಟರ್ ಯೂನಿಟ್, ಸೆಮಿಸ್ಟರ್ ಲೆಕ್ಕದಲ್ಲಿ 70. ಅದು ತುಂಬಿದ ಮೇಲೆ ಮಾಡಿದ ಕೋರ್ಸಿಗೆ "ವಿಷಯ ಆಯಿತು" ಎಂಬ ಮಾನ್ಯತೆ ಸಿಗುತ್ತದೆ, ಯೂನಿಟ್ ಸಿಗುವುದಿಲ್ಲ. 180ರ ಕಡೆಗೆ ಅದು ಒಂದು ಹೆಜ್ಜೆಯನ್ನೂ ಇಟ್ಟಂತಲ್ಲ. ಕೊನೆಗೆ ಎಂಟೋ ಹತ್ತೋ ಯೂನಿಟ್ ಮಾತ್ರ ಉಳಿದರೆ ಅರ್ಧ ಹೊರೆಯ ಅರ್ಜಿ ಹಾಕಬಹುದು. 10 ಯೂನಿಟ್ ಅಥವಾ ಅದಕ್ಕಿಂತ ಕಡಿಮೆಗೆ ಡೀನ್ ಒಪ್ಪಿದರೆ ಬೋಧನಾ ಶುಲ್ಕ ಅರ್ಧವಾಗುತ್ತದೆ. ಇದರ ಗಡುವು ಬೇಗ ಮುಗಿದುಹೋಗುವುದರಿಂದ ಗೊತ್ತಿಲ್ಲದೆ ಪೂರ್ತಿ ಕಟ್ಟುವವರೂ ಇದ್ದಾರೆ.

ನಿವಾಸಿ ಯಾರು

ಯೂಸಿಯಲ್ಲಿ ನಿವಾಸಿ ಅಲ್ಲದವರಿಗೆ 2025–26ರಲ್ಲಿ ಸೇರಿದರೆ ವರ್ಷಕ್ಕೆ ಇನ್ನೂ 37,602 ಡಾಲರ್ ಮೇಲೆ ಬೀಳುತ್ತದೆ, ಒಟ್ಟು 52,536. ಒಂದು ಕ್ವಾರ್ಟರಿಗೆ 17,512. ಸೇರಿದ ವರ್ಷದ ದರ ಆರು ವರ್ಷದವರೆಗೆ ಏರುವುದಿಲ್ಲ ಎಂಬುದೊಂದೇ ಸಮಾಧಾನ. ಡಿ ಆಂಜಾ ನಿಮ್ಮನ್ನು ನಿವಾಸಿ ಎಂದಿದ್ದರೆ ಯೂಸಿಯೂ ಹಾಗೆಯೇ ಅನ್ನುತ್ತದೆ ಎಂದು ನಂಬಿ ಕೂರಬಾರದು. ಯೂಸಿ ಹೊಸದಾಗಿ ಹೇಳಿಕೆ ತೆಗೆದುಕೊಂಡು ತಾನೇ ನಿರ್ಧರಿಸುತ್ತದೆ. 366 ದಿನ ರಾಜ್ಯದಲ್ಲಿ ಇದ್ದಿರಬೇಕು, ಇಲ್ಲೇ ನೆಲೆಸುವ ಉದ್ದೇಶಕ್ಕೆ ತೆರಿಗೆ, ಡ್ರೈವಿಂಗ್ ಲೈಸೆನ್ಸ್‌ನಂಥ ದಾಖಲೆ ಬೇಕು. 24 ವರ್ಷ ತುಂಬದವರ ನಿವಾಸವನ್ನು ಬಹುಮಟ್ಟಿಗೆ ತಂದೆತಾಯಿಯ ನಿವಾಸ ನೋಡಿಯೇ ಅಳೆಯುತ್ತಾರೆ. ಮಗಳು ಡಿ ಆಂಜಾದಲ್ಲಿ ಓದುತ್ತಿರುವಾಗ ಅಪ್ಪ ಅಮ್ಮ ಟೆಕ್ಸಸ್‌ಗೋ ಬೆಂಗಳೂರಿಗೋ ಮನೆ ಬದಲಿಸಿದರೆ ಆಕೆಯ ನಿವಾಸಿ ಪಟ್ಟ ಅಲುಗಾಡುತ್ತದೆ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವಳಾಗಿ, ಮೂರು ವರ್ಷ ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ ಓದಿ ಪಾಸಾಗಿದ್ದರೆ ಎಬಿ 540 ಎಂಬ ಕಾನೂನು ಕೈಹಿಡಿಯುತ್ತದೆ. ಎಚ್-4 (ಎಚ್-1ಬಿ ನೌಕರರ ಅವಲಂಬಿತರದು), ಎಫ್-1 (ವಿದ್ಯಾರ್ಥಿಗಳದು) ವೀಸಾದವರಿಗೆ ಆ ಆಸರೆ ಇಲ್ಲ.

ಎಚ್-4 ಮಕ್ಕಳ ವಿಚಾರ ನಮ್ಮ ಮನೆಗಳಲ್ಲಿ ಅತಿ ಸೂಕ್ಷ್ಮವಾದದ್ದು. ಎಚ್-1ಬಿ ತಂದೆ ಅಥವಾ ತಾಯಿಯ ಜೊತೆ ಕ್ಯಾಲಿಫೋರ್ನಿಯಾದಲ್ಲಿ ಇರುವ ಎಚ್-4 ವಿದ್ಯಾರ್ಥಿ ನಿವಾಸಿ ದರಕ್ಕೆ ಅರ್ಹನಾಗಬಹುದು. ಫಾಫ್ಸಾ ಅರ್ಜಿಯ ಮೂಲಕ ಬರುವ ಫೆಡರಲ್ ನೆರವು ಮಾತ್ರ ಸಿಗುವುದಿಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದವೆಂದು ಹೇಳಬೇಕಿಲ್ಲ. ಆ ಹೊತ್ತಿಗೆ ಬಹಳಷ್ಟು ಮಕ್ಕಳು ಎಫ್-1ಗೆ ಬದಲಾಗಬೇಕಾಗುತ್ತದೆ. ಎಫ್-1ನಲ್ಲಿ ಕ್ಯಾಲಿಫೋರ್ನಿಯಾ ನಿವಾಸ ಗಳಿಸಲು ಬರುವುದಿಲ್ಲ. ಹದಿನೆಂಟಕ್ಕೆ ಡಿ ಆಂಜಾ, ಇಪ್ಪತ್ತಕ್ಕೆ ಯೂಸಿ ಎಂದಿಟ್ಟುಕೊಂಡರೆ ಇಪ್ಪತ್ತೊಂದು ತುಂಬುವುದು ಸರಿಯಾಗಿ ಯೂಸಿಯ ನಡುವೆ. ಅರ್ಜಿ ಹಾಕುವ ಮೊದಲೇ ಹುಟ್ಟಿದ ತಾರೀಖನ್ನು ಆರು ಕ್ವಾರ್ಟರಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ವೀಸಾ ಬದಲಿಸುವ ಮುನ್ನ ಯಾರು ನಿವಾಸಿ ಎಂದು ನಿರ್ಧರಿಸುವ ಕ್ಯಾಂಪಸ್ಸಿನ ಅಧಿಕಾರಿ ರೆಸಿಡೆನ್ಸ್ ಡೆಪ್ಯುಟಿಯಿಂದ ಶುಲ್ಕದ ವರ್ಗ ಏನಾಗುತ್ತದೆಂದು ಬರಹದಲ್ಲೇ ಉತ್ತರ ತೆಗೆದುಕೊಳ್ಳಬೇಕು. ಇಂಥ ಮನೆಗಳಲ್ಲಿ ಸರಪಳಿ ತಪ್ಪಿಸಿಕೊಂಡ ಒಂದು ಕ್ವಾರ್ಟರಿನ ಬೆಲೆ ಮೂರೂವರೆ ಪಟ್ಟಾಗಬಹುದು.

ಊರಿನಿಂದ ನೇರವಾಗಿ ಎಫ್-1ನಲ್ಲಿ ಕಮ್ಯುನಿಟಿ ಕಾಲೇಜಿಗೆ ಬಂದವರಿಗೆ ಹೊರೆಯನ್ನು ಇಳಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆ. ಪ್ರತಿ ಅವಧಿಗೂ 12 ಯೂನಿಟ್ ಬೇಕು. ಆನ್‌ಲೈನ್ ಕೋರ್ಸು ಒಂದು ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಮಧ್ಯದಲ್ಲಿ ಕೋರ್ಸು ಬಿಡುವುದಿದ್ದರೆ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಮೊದಲು, ಬಿಡುವುದು ಆಮೇಲೆ. ಈ ಕ್ರಮ ಹಿಂದುಮುಂದಾದರೆ ವೀಸಾ ಸ್ಥಿತಿಯೇ ಹೋಗುತ್ತದೆ. ಯೂಸಿಗೆ ಹೋಗುವಾಗ ಸೆವಿಸ್ ದಾಖಲೆಯೂ, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಡುವ ದಾಖಲೆಯೂ, ವರ್ಗವಾಗಬೇಕು. ಆ ದಾಖಲೆಯ ಬಿಡುಗಡೆಯ ದಿನಾಂಕ ಬರುವವರೆಗೆ ಕ್ಯಾಂಪಸ್ ಕೆಲಸ ಹಳೆಯ ಕಾಲೇಜಿನಲ್ಲಿ, ಆಮೇಲೆ ಹೊಸದರಲ್ಲಿ. ಹಳೆಯ ಕಾಲೇಜಿನ ಓದು ನಿಂತು ಹೊಸದು ಶುರುವಾಗುವ ನಡುವಿನ ಅಂತರ ಐದು ತಿಂಗಳು ದಾಟಬಾರದು.

ಬೇ ಏರಿಯಾದವರು ಸಿಎಸ್‌ಯುವನ್ನು ಪಕ್ಕಕ್ಕೆ ಸರಿಸುವ ಮೊದಲು ಒಮ್ಮೆ ಕೂಡಿ ಕಳೆದು ನೋಡಬೇಕು. 2025–26ರಲ್ಲಿ ಅದರ ವಾರ್ಷಿಕ ಬೋಧನಾ ಶುಲ್ಕ 6,450 ಡಾಲರ್, ಕ್ಯಾಂಪಸ್ ಶುಲ್ಕ ಬೇರೆ. ಅದರದೇ ಕ್ಯಾಂಪಸ್ಸಾದ ಸ್ಯಾನ್ ಹೋಸೆ ಸ್ಟೇಟ್‌ಗೆ ಮನೆಯಿಂದಲೇ ಓಡಾಡಬಹುದು. ಎಷ್ಟೋ ಮನೆಗಳಲ್ಲಿ ಯೂಸಿ ಮತ್ತು ಸಿಎಸ್‌ಯು ನಡುವಿನ ದೊಡ್ಡ ವ್ಯತ್ಯಾಸ ಶುಲ್ಕದ್ದಲ್ಲ, ಬಾಡಿಗೆಯದ್ದು.

ಪ್ರವೇಶ ಏಪ್ರಿಲ್‌ನಲ್ಲಿ, ಮನೆ ಜನವರಿಯಲ್ಲಿ

ವಸತಿಯಲ್ಲಿ ಟ್ರಾನ್ಸ್‌ಫರ್ ವಿದ್ಯಾರ್ಥಿ ಹಿಂದೆ ಬೀಳುವುದಕ್ಕೆ ಕಾರಣ ಎರಡು ಪಂಚಾಂಗಗಳು ಹೊಂದದಿರುವುದು. ಸೆಪ್ಟೆಂಬರ್ 1ರಿಂದ 30ರವರೆಗೆ ಟ್ಯಾಗ್, ಅಂದರೆ ಟ್ರಾನ್ಸ್‌ಫರ್ ಪ್ರವೇಶದ ಖಾತ್ರಿಯ ಅರ್ಜಿ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರರಲ್ಲಿ ಒಂದಕ್ಕೆ ಮಾತ್ರ. ನಿಗದಿಪಡಿಸಿದ ಕೋರ್ಸು, ಗ್ರೇಡು ಪೂರೈಸಿದರೆ ಸೀಟಿಗೆ ಖಾತ್ರಿ ಸಿಗುತ್ತದೆ, ಆದರೆ ಎಲ್ಲ ಮೇಜರಿಗೂ ಇಲ್ಲ. ಸಾಂಟಾ ಬಾರ್ಬರಾದ ಎಂಜಿನಿಯರಿಂಗ್ ಕಾಲೇಜು ಇದರ ಹೊರಗೆ. ವಸತಿಗಂತೂ ಟ್ಯಾಗ್‌ನಲ್ಲಿ ಖಾತ್ರಿಯೇ ಇಲ್ಲ. ಯೂಸಿಯ ಮುಖ್ಯ ಅರ್ಜಿ ಅಕ್ಟೋಬರ್, ನವೆಂಬರ್‌ನಲ್ಲಿ. ಜನವರಿಯಲ್ಲಿ ಶರತ್ಕಾಲದ ಗ್ರೇಡು ತುಂಬುವ ಪರಿಷ್ಕರಣೆ. ಹೆಚ್ಚಿನವರಿಗೆ ಫಲಿತಾಂಶ ಏಪ್ರಿಲ್ ಕೊನೆಯೊಳಗೆ. ಒಪ್ಪಿಗೆ ಕೊಡಲು ಜೂನ್ 1. ಇದರ ನಡುವೆ ಅರ್ಜಿಯಲ್ಲಿ ಬರೆದ ಕೋರ್ಸನ್ನು ತಿಳಿಸದೆ ಬಿಟ್ಟರೆ ಸಿಕ್ಕ ಪ್ರವೇಶವೇ ರದ್ದಾಗಬಹುದು.

ಬಾಡಿಗೆಯ ಮಾರುಕಟ್ಟೆ ಇಷ್ಟು ಹೊತ್ತು ಕಾಯುವುದಿಲ್ಲ. ಡೇವಿಸ್‌ನಲ್ಲಿ ಸೆಪ್ಟೆಂಬರಿನಲ್ಲಿ ಶುರುವಾಗುವ ಮನೆಗಳ ಕರಾರು ಜನವರಿ, ಫೆಬ್ರುವರಿಯಲ್ಲೇ ಆಗತೊಡಗುತ್ತದೆ. ಸಾಂಟಾ ಬಾರ್ಬರಾದ ಪಕ್ಕದ ಐಲಾ ವಿಸ್ಟಾದಲ್ಲಿ ಹಿಂದಿನ ಶರತ್ಕಾಲದಲ್ಲೇ. ಏಪ್ರಿಲ್‌ನಲ್ಲಿ ಪ್ರವೇಶ ಸಿಕ್ಕವರ ಪಾಲಿಗೆ ಉಳಿಯುವುದು ದೂರದ್ದು, ದುಬಾರಿಯದ್ದು, ಇಲ್ಲವೇ ಯಾರೋ ಬಿಟ್ಟುಹೋದ ಕೋಣೆ. 2021ರ ಶರತ್ಕಾಲದಲ್ಲಿ ಸಾಂಟಾ ಬಾರ್ಬರಾ ಕ್ಯಾಂಪಸ್ಸು ಕೋಣೆ ಸಿಗದ ವಿದ್ಯಾರ್ಥಿಗಳನ್ನು ಹೋಟೆಲಿನಲ್ಲಿ ಇಡಬೇಕಾಗಿ ಬಂದಿತ್ತು. ಆದ್ದರಿಂದ ಪ್ರವೇಶ ಬಂದ ದಿನವೇ ಕ್ಯಾಂಪಸ್ ವಸತಿಯ ಅರ್ಜಿ ತುಂಬಬೇಕು. ಜೂನ್ 1ರ ಗಡುವು ಒಪ್ಪಿಗೆಯದು, ವಸತಿಯ ಗಡುವು ಬೇರೆಯೇ ಇರುತ್ತದೆ. ಹೊಸ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಯೂಸಿಎಲ್‌ಎ ಎರಡು ವರ್ಷದ ವಸತಿಯ ಭರವಸೆಯನ್ನು 2022ರಲ್ಲಿ ಘೋಷಿಸಿತು. ಎರಡು ಕ್ಯಾಂಪಸ್ಸಿನಲ್ಲಿ ಸೀಟು ಸಿಕ್ಕಾಗ ಇಂಥ ಭರವಸೆಯ ಬೆಲೆಯನ್ನು ಶುಲ್ಕದಷ್ಟೇ ಗಂಭೀರವಾಗಿ ತೂಗಬೇಕು.

ದರ ಹೋಲಿಸುವಾಗ ಒಂದು ಸುಲಭ ಸೂತ್ರ. ಕ್ಯಾಂಪಸ್ ಕೋಣೆಯ ಕರಾರು ಸುಮಾರು ಒಂಬತ್ತು ತಿಂಗಳದು, ಹೊರಗಿನ ಮನೆಯದು ಹನ್ನೆರಡು ತಿಂಗಳದು. ಹೊರಗಿನ ತಿಂಗಳ ಬಾಡಿಗೆಯನ್ನು 12ರಿಂದ ಗುಣಿಸಿ 9ರಿಂದ ಭಾಗಿಸಿದರೆ ನಿಜವಾದ ತಿಂಗಳ ಖರ್ಚು ಸಿಗುತ್ತದೆ. ಮೂರನೇ ಒಂದು ಭಾಗ ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ ಒಳಬಾಡಿಗೆಗೆ ಕೊಟ್ಟರಾಯಿತು ಎನ್ನುವವರು ಮಾಲೀಕರ ಒಪ್ಪಿಗೆ ಬೇಕೆಂಬುದನ್ನು, ಬೇಸಿಗೆಯಲ್ಲಿ ಎಲ್ಲರೂ ಕೊಡುವವರೇ ಆಗಿ ದರ ಬೀಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಊರಲ್ಲಿ ಲೀಸು ಎಂದರೆ ಭೋಗ್ಯ, ದೊಡ್ಡ ಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ಇಲ್ಲಿ ಲೀಸು ಎಂದರೆ ಬರೀ ಬಾಡಿಗೆ ಕರಾರು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇಲ್ಲಿನ ಕಾನೂನು ನೆಮ್ಮದಿಯೇ ಕೊಡುತ್ತದೆ: 2024ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, ಬೆರಳೆಣಿಕೆಯ ಮನೆಗಳಿರುವ ಸಣ್ಣ ಮಾಲೀಕರು ಮಾತ್ರ ಎರಡು ತಿಂಗಳದ್ದು ಕೇಳಬಹುದು. ಮನೆ ಬಿಟ್ಟ 21 ದಿನದೊಳಗೆ ಹಣ, ಇಲ್ಲವೇ ಕಡಿತದ ವಿವರವಾದ ಪಟ್ಟಿ ಬರಬೇಕು. ಮನೆಗೆ ಕಾಲಿಟ್ಟ ದಿನ ಗೋಡೆ, ಕಾರ್ಪೆಟ್, ಒಲೆ, ಸಿಂಕು ಎಲ್ಲದರ ಫೋಟೋ ತೆಗೆದಿದ್ದರೆ ಆ ಪಟ್ಟಿಯ ಮೇಲೆ ವಾದಿಸಲು ಆಧಾರವಿರುತ್ತದೆ. ಕರಾರಿನಲ್ಲಿ ನೋಡಲೇಬೇಕಾದದ್ದು ಹೊಣೆಯ ಷರತ್ತು. ನಾಲ್ವರು ಒಂದೇ ಕರಾರಿಗೆ ಸಹಿ ಹಾಕಿದರೆ ನಾಲ್ವರೂ ಪೂರ್ತಿ ಬಾಡಿಗೆಗೆ ಹೊಣೆ. ಒಬ್ಬ ಚಳಿಗಾಲದಲ್ಲಿ ಓದು ಬಿಟ್ಟು ಹೋದರೆ ಅವನ ಪಾಲು ಉಳಿದ ಮೂವರ ತಲೆಗೆ. ಹಾಸಿಗೆ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಬೇರೆ ಕರಾರು ಕೊಡುವ ಕಟ್ಟಡ ತುಸು ದುಬಾರಿಯಾದರೂ ಗುರುತಿಲ್ಲದವರ ಜೊತೆ ಇರಬೇಕಾದ ಹೊಸಬರಿಗೆ ಅದೇ ಕ್ಷೇಮ. ಕೋಣೆ ನೋಡದೆ, ತಮ್ಮವರು ಯಾರಾದರೂ ಹೋಗಿ ನೋಡದೆ, ಹಣ ಕಳಿಸಬಾರದು.

ಫ್ರೀಮಾಂಟ್‌ನಲ್ಲಿ ಮನೆಯಿದ್ದು ಬರ್ಕ್ಲಿಗೆ ಸೀಟು ಸಿಕ್ಕರೆ ಬಾರ್ಟ್ ರೈಲು ನೇರ ಇದೆ, ಓಡಾಡಬಹುದು. ಸ್ಯಾನ್ ಹೋಸೆಯಿಂದ ಸಾಂಟಾ ಕ್ರೂಜ್‌ಗೆ ಹೈವೇ 17ರ ಬಸ್ಸಿದೆ. ವಾರಕ್ಕೆ ಎರಡು ಮೂರು ದಿನಕ್ಕೆ ತರಗತಿ ಕೂಡಿಸಿಕೊಂಡರೆ ನಡೆಯುತ್ತದೆ. ಆದರೆ ಮೊದಲ ಕ್ವಾರ್ಟರಿನಲ್ಲಿ ಸೀಟು ಸಿಕ್ಕ ತರಗತಿಗೆ ಹೋಗಬೇಕಾಗುತ್ತದೆ, ಬೇಕಾದ ದಿನ ಆರಿಸುವ ಭಾಗ್ಯ ಇರುವುದಿಲ್ಲ. ಡೇವಿಸ್‌ಗೆ ದಿನಾ ಹೋಗಿಬರುವ ಆಸೆ ಬೇಡ.

ಮೊದಲ ಬಿಲ್ಲಿನಲ್ಲಿ ಆರೋಗ್ಯ ವಿಮೆಯ ಸಾಲೊಂದು ತಾನಾಗಿಯೇ ಸೇರಿರುತ್ತದೆ. ತಂದೆತಾಯಿಯ ವಿಮೆಯಲ್ಲಿ ಇರುವವರು ಗಡುವಿನೊಳಗೆ ವಿನಾಯಿತಿ ಅರ್ಜಿ ತುಂಬಿದರೆ ಅದು ಹೋಗುತ್ತದೆ. ತುಂಬದಿದ್ದರೆ ಎರಡೆರಡು ವಿಮೆಗೆ ಕಟ್ಟಿದಂತೆ. ಇನ್ನು ಎರಡನೇ ವರ್ಷದ ಮನೆ. ಡೇವಿಸ್‌ನಲ್ಲಿ ಅದರ ಕರಾರಿನ ಓಡಾಟ ಶುರುವಾಗುವುದು ಸೇರಿದ ನಾಲ್ಕೇ ತಿಂಗಳಿಗೆ, ಚಳಿಗಾಲದ ಮೊದಲ ಮಿಡ್‌ಟರ್ಮ್ ಇರುವ ವಾರಗಳಲ್ಲೇ. ಜೊತೆಗಿರಲು ಯಾರು, ತಿಂಗಳಿಗೆ ಎಷ್ಟು ಕೊಡಬಹುದು ಎಂಬುದನ್ನು ಡಿಸೆಂಬರಿನ ರಜೆಯಲ್ಲೇ ತೀರ್ಮಾನಿಸಿಕೊಂಡು ಹೋದವರಿಗೆ ಆ ವಾರಗಳಲ್ಲಿ ಸಹಿ ಹಾಕುವ ಕೆಲಸವಷ್ಟೇ ಉಳಿದಿರುತ್ತದೆ.